ಗಬ್ಬ ನಿಲ್ಲದ ಎಚ್‌ಎಫ್ ಹಸು: ಹಾರ್ಮೋನ್ ಕೊಡಿಸಲಾ, ಹೋರಿಗೆ ಬಿಡಲಾ, ಮಾರಲಾ?

ಶ್ರೀನಿವಾಸಪುರ ಹೈನು
ಎಲ್ಲರಿಗೂ ನಮಸ್ಕಾರ. ನಮ್ಮದು ಎರಡನೇ ಸೂಲಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು. ಕರು ಹಾಕಿ ಆರು ತಿಂಗಳಾಯಿತು. ಸರಿಯಾಗಿ 21 ದಿನಕ್ಕೆ ಬೆದೆಗೆ ಬರುತ್ತದೆ. ಲೋಳೆ ತಿಳಿಯಾಗಿದೆ, ಕೀವಿಲ್ಲ. ಸೆಮೆನ್ ಹಾಕಿಸಿದಾಗೆಲ್ಲ ಮತ್ತೆ ಬೆದೆಗೆ ಬರುತ್ತಿದೆ. ಹಾಲು 11 ಲೀಟರ್‌ಗೆ ಇಳಿದಿದೆ. ಡಾಕ್ಟರು ಹಾರ್ಮೋನ್ ಕೋರ್ಸ್ ಮಾಡೋಣ ಅಂತಾರೆ, ಅಪ್ಪ ಹೋರಿಗೆ ಬಿಡು ಅಂತಾರೆ, ಅಮ್ಮ ಮಾರಿಬಿಡು ಅಂತಾರೆ. ಇದೇ ಪಾಡು ಪಟ್ಟವರು ಏನು ಮಾಡಿದಿರಿ, ಎಷ್ಟು ಖರ್ಚಾಯಿತು, ದಯವಿಟ್ಟು ತಿಳಿಸಿ.

ಅರಸೀಕೆರೆ ತೋಟದಮನೆ
ಕೋರ್ಸ್ ಮಾಡಿಸಿ. ನಾನು ಮಾಡಿಸಿದೆ, ಗಬ್ಬ ನಿಂತಿತು, ಹೆಣ್ಣು ಕರು ಈಗ ಕೊಟ್ಟಿಗೆಯಲ್ಲಿ ಓಡಾಡುತ್ತಿದೆ. ಮೊದಲು ಅಂಡ ಬಿಡಿಸುವ ಜಿಎನ್‌ಆರ್‌ಎಚ್ ಹಾರ್ಮೋನ್ ಇಂಜೆಕ್ಷನ್ ಒಂದು, ಅದಾಗಿ ಏಳು ದಿನಕ್ಕೆ ಬೆದೆಗೆ ತರುವ ಪಿಜಿ (ಪ್ರೋಸ್ಟಾಗ್ಲಾಂಡಿನ್), ಮತ್ತೆರಡು ದಿನಕ್ಕೆ ಮೊದಲಿನದೇ ಇನ್ನೊಂದು, ಮಾರನೇ ದಿನ ಬೆದೆ ಕಂಡರೂ ಕಾಣದಿದ್ದರೂ ಸೆಮೆನ್. ಖರ್ಚು ಬರೆದಿಟ್ಟಿದ್ದೇನೆ. ಜಿಎನ್‌ಆರ್‌ಎಚ್ ಎರಡಕ್ಕೆ 720, ಪಿಜಿ 260, ಡಾಕ್ಟರು ಮನೆಗೆ ಬಂದಿದ್ದಕ್ಕೆ 1,200, ಗರ್ಭಕೋಶಕ್ಕೆ ಔಷಧಿ ಬಿಟ್ಟಿದ್ದು 450, ಸೆಮೆನ್ 100. ಮಿನರಲ್ ಮಿಕ್ಸ್ಚರ್ ದಿನಕ್ಕೆ 50 ಗ್ರಾಂನಂತೆ ಎರಡು ತಿಂಗಳಿಗೆ ಮೂರು ಕಿಲೋ, 420. ಒಟ್ಟು 3,150 ರೂಪಾಯಿ. ಜಾಸ್ತಿ ಆಯಿತು ಅಂತ ಊರಲ್ಲಿ ಎಲ್ಲರೂ ಆಡಿಕೊಂಡರು. ಒಂದು ಬೆದೆ ತಪ್ಪಿದರೆ 21 ದಿನ ಸುಮ್ನೆ ಹೋಗುತ್ತದೆ, ಮೇವು ಹಿಂಡಿಗೆ ದಿನಕ್ಕೆ 220 ಹಿಡಿದರೂ 4,620 ಆಗುತ್ತದೆ, ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೂಸಾ ಮೂಟೆ ಏರಿದರೆ ಮಾತ್ರ ಬಾಯಿ ಬಡಿದುಕೊಳ್ಳುತ್ತಾರೆ.

ಮದ್ದೂರು ಗದ್ದೆಬಯಲು
ಇಂಜೆಕ್ಷನ್ ಚುಚ್ಚಿ ಚುಚ್ಚಿ ಹಸುವನ್ನು ಹಾಳು ಮಾಡಬೇಡಿ ತಮ್ಮಾ. ನಮ್ಮ ಮನೆಯ ಜೆರ್ಸಿ ಮಿಶ್ರ ತಳಿಗೂ ಹೀಗೇ ಆಗಿತ್ತು. ಕೋರ್ಸಿಗೆ ಅಂತ 4,000ದ ಮೇಲೆ ಸುರಿದೆ, ಬೆದೆ ಬಂತೇ ಹೊರತು ಗಬ್ಬ ನಿಲ್ಲಲಿಲ್ಲ. ಪಕ್ಕದೂರಲ್ಲಿ ಒಳ್ಳೆಯ ಎಚ್‌ಎಫ್ ಹೋರಿ ಇತ್ತು. 800 ಕೊಟ್ಟು ಬಿಟ್ಟೆ, ಟೆಂಪೋಗೆ 600. ಒಂದೇ ಸಲಕ್ಕೆ ನಿಂತಿತು. ಆಮೇಲೆ ನಾನೇ 62,000ಕ್ಕೆ ಒಂದು ಹೋರಿ ತಂದೆ. ಸುತ್ತಲಿನ ಊರಿನವರು ಈಗ ನಮ್ಮ ಮನೆಗೇ ಹಸು ತರುತ್ತಾರೆ. ಬೆದೆ ಯಾವಾಗ ಅಂತ ಹೋರಿಗೆ ಗೊತ್ತು, ಮೊಬೈಲ್ ನೋಡಿಕೊಂಡು ಸೆಮೆನ್ ಹಾಕಲು ಬರುವವರಿಗೆ ಗೊತ್ತಿಲ್ಲ. ಅವರ ಡಬ್ಬಿಯಲ್ಲಿರುವ ಸೆಮೆನ್ ಅರ್ಧ ಸತ್ತಿರುತ್ತದೆ.

ದೊಡ್ಡಬಳ್ಳಾಪುರ ಅಕ್ಕ
ಮದ್ದೂರಿನವರೇ, ಹೀಗೆ ಸಲಹೆ ಕೊಡಬೇಡಿ. ನಾವು ಹೋರಿಗೆ ಬಿಟ್ಟೆವು. ಗಬ್ಬ ನಿಂತಿತು, ಏಳನೇ ತಿಂಗಳಲ್ಲಿ ಕಂದು ಹಾಕಿತು. ಸತ್ತೆ (ಮಾಸು) ಬೀಳಲಿಲ್ಲ, ಡಾಕ್ಟರು ಬಂದು ತೆಗೆದರು. ಮುಂದಿನ ತಿಂಗಳು ಪಕ್ಕದ ಹಸುವೂ ಕಂದು ಹಾಕಿತು. ಹೆಬ್ಬಾಳದ ಪಶು ರೋಗ ಪರೀಕ್ಷಾ ಲ್ಯಾಬಿಗೆ ರಕ್ತ ಕಳಿಸಿದೆವು, ಬ್ರುಸೆಲ್ಲಾ ಅಂತ ಬಂತು, ಕಂದು ಹಾಕಿಸುವ, ಮನುಷ್ಯರಿಗೂ ದಾಟುವ ರೋಗ. ಸತ್ತ ಕರುವನ್ನು ಬರಿಗೈಯಲ್ಲಿ ಎತ್ತಿ ಹಾಕಿದ್ದು ನಮ್ಮತ್ತೆ. ಅವರಿಗೆ ಸಂಜೆಯಾದರೆ ಜ್ವರ, ಮೈಯೆಲ್ಲ ಬೆವರು, ಸೊಂಟ ಹಿಡಿದುಕೊಂಡು ಏಳಲಾಗದು. ಮೂರು ಕಡೆ ತೋರಿಸಿದ ಮೇಲೆ ಗೊತ್ತಾಯಿತು. ಆರು ವಾರ ಎರಡು ಬಗೆಯ ಮಾತ್ರೆ ನುಂಗಿದರು. ಅವರ ಆಸ್ಪತ್ರೆಗೇ 23,000. 85,000ದ ಹಸುಗಳು ಎರಡೂ ಕೈಬಿಟ್ಟವು. ಹಾಲು ಕಾಯಿಸದೆ ಮಕ್ಕಳಿಗೆ ಕೊಟ್ಟಿದ್ದೇವಾ ಅಂತ ನಾವು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದು ಬೇರೆ. ಇದೆಲ್ಲ ಆ 800 ರೂಪಾಯಿ ಹೋರಿಯಿಂದ.

ಮದ್ದೂರು ಗದ್ದೆಬಯಲು
ಹೋರಿಯಿಂದಲೇ ಬಂತು ಅಂತ ಯಾರು ಹೇಳಿದರು ಅಕ್ಕಾ? ಸಂತೆಯಿಂದ ತಂದ ಹಸುವಿನಿಂದ ಬಂದಿರಬಹುದಲ್ವಾ? ಬ್ರುಸೆಲ್ಲಾ ಹರಡುವುದು ಹೆಚ್ಚಾಗಿ ಕಂದು ಹಾಕಿದಾಗ ಬೀಳುವ ನೀರು, ಸತ್ತೆ, ಅದು ತಾಗಿದ ಮೇವಿನಿಂದ. ನಮ್ಮ ಡಾಕ್ಟರೇ ಹೇಳಿದ್ದಾರೆ. ಹೋರಿ ಸಾಕುವವರ ಹೊಟ್ಟೆ ಮೇಲೆ ಹೊಡೆಯಬೇಡಿ.

ಎಐ ಕೆಲಸಗಾರ, ತುಮಕೂರು ಕಡೆ
ಹಸುಗಳಿಗೆ ಸೆಮೆನ್ ಹಾಕುವ ಕೆಲಸ (ಎಐ, ಅಂದರೆ ಕೃತಕ ಗರ್ಭಧಾರಣೆ) ನನ್ನದು, ಇಬ್ಬರೂ ಕೇಳಿ. ಬ್ರುಸೆಲ್ಲಾ ಹೆಚ್ಚಾಗಿ ಸತ್ತೆಯಿಂದಲೇ ಹರಡುವುದು, ಅದು ನಿಜ. ಆದರೆ ಹೋರಿಯಿಂದ ಹಸುವಿಗೆ ದಾಟುವ ಬೇರೆ ರೋಗಗಳಿವೆ, ವಿಬ್ರಿಯೋ, ಟ್ರೈಕೊಮೊನಾಸ್. ಹೊರಗಿಂದ ನೋಡಿದರೆ ಹೋರಿ ಗಟ್ಟಿಮುಟ್ಟಾಗಿರುತ್ತದೆ, ಹತ್ತಿದ ಹಸುಗಳು ಮಾತ್ರ ಒಂದಾದ ಮೇಲೊಂದು ತಿರುಗಿ ಬೆದೆಗೆ ಬರುತ್ತವೆ. ಪರೀಕ್ಷೆ ಮಾಡಿಸದ ಹೋರಿಗೆ ಊರೆಲ್ಲ ಹಸು ತಂದರೆ ಆಗುವುದು ಇದೇ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಬ್ರುಸೆಲ್ಲಾ ಲಸಿಕೆ ಹಾಕಿಸಿ, 2019ರಿಂದ ಕೇಂದ್ರದ ಯೋಜನೆಯಲ್ಲಿ ಪುಕ್ಕಟೆ ಕೊಡುತ್ತಿದ್ದಾರೆ.

ಇನ್ನು ಸೆಮೆನ್ ಸತ್ತಿರುತ್ತದೆ ಅನ್ನುವ ಮಾತು. ನನಗೆ ಇದು ಕೇಳಿ ಕೇಳಿ ಸಾಕಾಗಿದೆ. ಮೈನಸ್ 196 ಡಿಗ್ರಿಯ ಸಾರಜನಕದಲ್ಲಿ ಇಡುತ್ತೇವೆ, 37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಕರಗಿಸಿ ಹಾಕುತ್ತೇವೆ. ಥರ್ಮಾಮೀಟರ್ ನಮ್ಮ ಚೀಲದಲ್ಲೇ ಇರುತ್ತದೆ. ಕೆಡುವುದು ಹೆಚ್ಚಾಗಿ ಹೊತ್ತಿನ ವಿಷಯದಲ್ಲಿ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಗ್ಗೆ. ಎಷ್ಟೋ ಜನ ರಕ್ತ ಕಂಡ ಮೇಲೆ ಫೋನ್ ಮಾಡುತ್ತಾರೆ. ರಕ್ತ ಕಂಡರೆ ಬೆದೆ ಮುಗಿದು ಒಂದೆರಡು ದಿನವಾಗಿದೆ ಅಂತ ಅರ್ಥ. ಆಗ ಹಾಕಿ ಏನು ಪ್ರಯೋಜನ? ಹಾಕದೆ ಬಂದರೆ ಬೈಗುಳ, ಹಾಕಿದರೆ ನಿಲ್ಲಲಿಲ್ಲ ಅಂತ ಬೈಗುಳ. ಇನ್ನೂ ಒಂದು, ಗಬ್ಬದ ಹಸುವೂ ಒಮ್ಮೊಮ್ಮೆ ಬೆದೆ ತೋರಿಸುತ್ತದೆ. ಕೈ ಹಾಕಿ ನೋಡದೆ ಮತ್ತೆ ಸೆಮೆನ್ ಹಾಕಿಸಿದರೆ ಒಳಗಿರುವುದೂ ಹೋಗುತ್ತದೆ.

ಹೊಳೆನರಸೀಪುರ ಹುಡುಗ
ಹೋರಿ ಬೇಕಾ ಬೇಡವಾ ಅನ್ನುವುದಕ್ಕಿಂತ ಗಂಡು ಕರು ಹುಟ್ಟಿದರೆ ಏನು ಮಾಡುತ್ತೀರಿ ಹೇಳಿ. 2021ರಲ್ಲಿ ಗೋಹತ್ಯೆ ನಿಷೇಧ ಕಾನೂನು ಬಂದ ಮೇಲೆ ಎಚ್‌ಎಫ್ ಗಂಡು ಕರು ಕೊಳ್ಳುವವರೇ ಇಲ್ಲ. ಹಾಲು ಕುಡಿಸಿ ಸಾಕಬೇಕು, ಉಳುಮೆಗೂ ಬರುವುದಿಲ್ಲ. ನಾನು ಕಡಸುಗಳಿಗೆಲ್ಲ ಸೆಕ್ಸೆಡ್ ಸೆಮೆನ್ ಹಾಕಿಸುತ್ತೇನೆ. ನೂರಕ್ಕೆ 90ರಷ್ಟು ಹೆಣ್ಣು ಕರು. ಆಮದು ಹೋರಿಯ ಒಂದು ಸ್ಟ್ರಾಗೆ (ಸೆಮೆನ್ ತುಂಬಿದ ಕೊಳವೆ) 1,400 ಕೊಟ್ಟಿದ್ದೇನೆ, ಸಬ್ಸಿಡಿಯಲ್ಲಿ 250ಕ್ಕೂ ಸಿಕ್ಕಿದೆ. ನಮ್ಮ ಮನೆಯಲ್ಲಿ ಈಗ ಹುಟ್ಟಿದ ಕರುಗಳೆಲ್ಲ ಹೆಣ್ಣು. ದುಡ್ಡು ಹೋದರೆ ಹೋಗಲಿ, ಎಲ್ಲರೂ ಅದನ್ನೇ ಹಾಕಿಸಿ.

ಎಐ ಕೆಲಸಗಾರ, ತುಮಕೂರು ಕಡೆ
ಎಲ್ಲರೂ ಅಂತ ಹೇಳಬೇಡಪ್ಪಾ. ಆ ಸ್ಟ್ರಾನಲ್ಲಿ ವೀರ್ಯಾಣು ಮಾಮೂಲಿನದರ ಹತ್ತನೇ ಒಂದು ಭಾಗದಷ್ಟಿರುತ್ತದೆ. ಚೆನ್ನಾಗಿರುವ ಕಡಸಿಗೆ ಸರಿ. ತಿರುಗಿ ತಿರುಗಿ ಬೆದೆಗೆ ಬರುವ ಹಸುವಿಗೆ ಅದನ್ನು ಹಾಕಿಸಿದರೆ 1,400 ನೀರಿಗೆ ಹೋಯಿತು ಅಂತಲೇ. ಮೊದಲು ಗಬ್ಬ ನಿಲ್ಲಲಿ.

ಹೊಳೆನರಸೀಪುರ ಹುಡುಗ
ಸರ್, ನೀವು ಹೇಳುವುದು ನಿಮ್ಮ ಡಬ್ಬಿಯ ಸೆಮೆನ್ ಬಗ್ಗೆ. ನಮ್ಮಲ್ಲಿ ಎರಡನೇ ಸೂಲಿನದಕ್ಕೂ ನಿಂತಿದೆ. ಕಣ್ಣಾರೆ ನೋಡಿದ್ದನ್ನು ಸುಳ್ಳು ಅಂದರೆ ನಾನು ಒಪ್ಪುವುದಿಲ್ಲ.

ಸಾಗರದ ಭಟ್ಟರು
ಇಷ್ಟೆಲ್ಲ ಕಷ್ಟ ಯಾಕೆ? ನಮ್ಮ ಮನೆಯಲ್ಲಿ ಮಲೆನಾಡು ಗಿಡ್ಡ ಮಾತ್ರ. ಬೆಟ್ಟಕ್ಕೆ ಬಿಟ್ಟರೆ ತಾನೇ ಮೇಯ್ದು ಬರುತ್ತದೆ, ಗಬ್ಬವೂ ಅಲ್ಲೇ ಆಗಿರುತ್ತದೆ. ಸತ್ತೆ ತಾನೇ ಬೀಳುತ್ತದೆ. ಹಾರ್ಮೋನ್ ಅಂತ ಒಂದು ರೂಪಾಯಿ ಕೊಟ್ಟವನಲ್ಲ ನಾನು. ಸೀಮೆ ಹಸುವನ್ನು ತಂದು ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ಕೆಳಗೆ ಕಟ್ಟಿದರೆ ಅದು ಬೆದೆ ತೋರಿಸುವುದಾದರೂ ಹೇಗೆ? ಸೆಕೆಗೆ ಬೆದೆಯೇ ಮುಚ್ಚಿಹೋಗುತ್ತದೆ.

ಅರಸೀಕೆರೆ ತೋಟದಮನೆ
ಭಟ್ಟರೇ, ನಿಮಗೆ ಅಡಿಕೆ ಇದೆ. ಮೂರು ನಾಲ್ಕು ಲೀಟರ್ ಹಾಲಿನಲ್ಲಿ ಮನೆಗೆ ಸಾಕಾಗುತ್ತದೆ. ನಮಗೆ ಡೇರಿ ದುಡ್ಡೇ ಬದುಕು. ಮಗಳ ಕಾಲೇಜಿನ ಫೀಸ್, ಸೊಸೈಟಿ ಸಾಲದ ಕಂತು ಎಲ್ಲ ಆ ಕ್ಯಾನಿನಿಂದಲೇ ಬರಬೇಕು. ಲೀಟರ್‌ಗೆ ಸರ್ಕಾರ ಕೊಡುವ 5 ರೂಪಾಯಿ ಪ್ರೋತ್ಸಾಹಧನ ತಿಂಗಳುಗಟ್ಟಲೆ ತಡವಾದರೆ ನಮ್ಮ ಮನೆ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತಿಲ್ಲ. ಬೆಟ್ಟಕ್ಕೆ ಬಿಡಿ ಅಂತೀರಿ, ನಮ್ಮಲ್ಲಿ ಗೋಮಾಳ ಎಲ್ಲಿ ಉಳಿದಿದೆ?

ಸಾಗರದ ಭಟ್ಟರು
ಅಡಿಕೆ ವಿಷಯ ಎತ್ತಬೇಡಿ. ಎಲೆಚುಕ್ಕೆ ರೋಗ ಬಂದು ತೋಟ ಅರ್ಧ ಹೋಗಿದೆ. ಬಂದು ನೋಡಿ ಮಾತಾಡಿ. ಗಿಡ್ಡದ ಸಗಣಿ ಗಂಜಲ ಇಲ್ಲದಿದ್ದರೆ ಉಳಿದ ಅರ್ಧವೂ ಇರುತ್ತಿರಲಿಲ್ಲ.

ಶ್ರೀನಿವಾಸಪುರ ಹೈನು
ಎಐ ಅಣ್ಣಾ, ನಮ್ಮದು ರಾತ್ರಿ 10ರ ಹೊತ್ತಿಗೆ ಕೂಗಲು ಶುರು ಮಾಡುತ್ತದೆ. ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದು ಫೋನ್ ಮಾಡಿದರೆ ಅವರು ಬರುವುದು ಮಧ್ಯಾಹ್ನ ಮೂರಕ್ಕೆ. ತಡವಾಗುತ್ತಿದೆಯಾ?

ಎಐ ಕೆಲಸಗಾರ, ತುಮಕೂರು ಕಡೆ
ಆಗುತ್ತಿದೆ ತಮ್ಮಾ. ಬೆದೆ ಇರುವುದೇ 12ರಿಂದ 18 ಗಂಟೆ. ನೀನು ಕೂಗು ಕೇಳುವ ಮುಂಚೆಯೇ ಶುರುವಾಗಿರಬಹುದು. ರಾತ್ರಿಯೇ ಫೋನ್ ಮಾಡಿ ಹೇಳಿಡು, ಬೆಳಗ್ಗೆ 10ರೊಳಗೆ ಹಾಕಿಸು. ಅಂದು ಸಂಜೆಯೂ ಬೆದೆ ನಿಲ್ಲದಿದ್ದರೆ ಇನ್ನೊಂದು ಹಾಕಿಸು. ಕೆಲವಕ್ಕೆ ಅಂಡ ಬಿಡುವುದು ತಡ, ಅದಕ್ಕೆ ಸೆಮೆನ್ ಜೊತೆಗೇ ಜಿಎನ್‌ಆರ್‌ಎಚ್ ಕೊಡುತ್ತಾರೆ, ಡಾಕ್ಟರನ್ನು ಕೇಳು. ಕೋರ್ಸ್ ಆಮೇಲೆ ನೋಡೋಣ. 11 ಲೀಟರ್ ಕೊಡುವ ಹಸುವನ್ನು ಈಗಲೇ ಮಾರುವ ಮಾತು ಬೇಡ, ಗಬ್ಬ ಇಲ್ಲ ಅಂತ ಗೊತ್ತಾದರೆ ದಲ್ಲಾಳಿ ಅರ್ಧ ರೇಟಿಗೆ ಕೇಳುತ್ತಾನೆ.

ಮದ್ದೂರು ಗದ್ದೆಬಯಲು
ಮಧ್ಯಾಹ್ನ ಮೂರಕ್ಕೆ ಬರುತ್ತಾರಂತೆ, ನೋಡಿದಿರಾ? ನಾನು ಹೇಳಿದ್ದು ಇದನ್ನೇ. ಹೋರಿ ರಾತ್ರಿ 10ಕ್ಕೂ ಕೊಟ್ಟಿಗೆಯಲ್ಲೇ ಇರುತ್ತದೆ. ನಮ್ಮದಕ್ಕೆ ಯಾವ ರೋಗವೂ ಇಲ್ಲ, ಯಾರು ಬೇಕಾದರೂ ಬಂದು ನೋಡಬಹುದು.

ದೊಡ್ಡಬಳ್ಳಾಪುರ ಅಕ್ಕ
ಬಂದು ನೋಡಿದರೆ ರೋಗ ಕಾಣುತ್ತದಾ? ನಮ್ಮ ಹಸುಗಳೂ ಹೊರಗೆ ಚೆನ್ನಾಗಿಯೇ ಇದ್ದವು. ನಿಮ್ಮ ಹೋರಿಯ ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟ್ ಫೋಟೋ ಇಲ್ಲಿ ಹಾಕಿ. ಅಲ್ಲಿಯವರೆಗೆ ಈ ಹುಡುಗನಿಗೆ ಹೋರಿ ಅನ್ನಬೇಡಿ.