ಮಗ ಪರ್ತ್‌ನಲ್ಲಿ ಸರ್ಫಿಂಗ್ ಕಲಿಯುತ್ತಿದ್ದಾನೆ, ನನಗೆ ಶಾರ್ಕ್ ಭಯ: ಡೈವಿಂಗ್ ತರಬೇತುದಾರರಿಗೆ ಪ್ರಶ್ನೆಗಳು

ಪ್ರಶ್ನೆ (ಕಲಬುರಗಿ): ತಮ್ಮಾ, ನನ್ನ ಮಗ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಓದುತ್ತಿದ್ದಾನೆ. ನಮ್ಮ ಹೊಲದ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವನು, ಈಗ ನಸುಕಿನಲ್ಲೇ ಹಲಗೆ ಹೊತ್ತು ಸಮುದ್ರಕ್ಕೆ ಇಳಿಯುತ್ತಾನಂತೆ. ಅಲ್ಲಿ ದೊಡ್ಡ ಬಿಳಿ ಶಾರ್ಕ್ ಇವೆ ಎಂದು ಟಿವಿಯಲ್ಲಿ ನೋಡಿದಾಗಿನಿಂದ ನನಗೆ ನಿದ್ದೆಯಿಲ್ಲ. ಬಿಡು ಎಂದು ಹೇಳಲೇ?

ಉತ್ತರ: ಅಕ್ಕಾವರೇ, ಸಮುದ್ರ ಬಿಡಿಸಬೇಡಿ, ನಸುಕು ಬಿಡಿಸಿ. ನಾನು ಜೇವರ್ಗಿ ಕಡೆಯವನು. ದಕ್ಷಿಣ ಆಫ್ರಿಕಾದ ಗಾನ್ಸ್‌ಬಾಯಿಯಲ್ಲಿ, ಪ್ರವಾಸಿಗರನ್ನು ಪಂಜರದಲ್ಲಿ ಇಳಿಸಿ ಶಾರ್ಕ್ ತೋರಿಸುವ ದೋಣಿಯಲ್ಲಿ ಕೆಲಸ ಮಾಡಿದ್ದೇನೆ. ಈ ಮೀನು ಬೇಟೆಯಾಡುವುದು ಕೆಳಗಿನಿಂದ. ಬೆನ್ನು ಬೂದು ಬಣ್ಣ, ಆದ್ದರಿಂದ ಮೇಲಿರುವ ಸೀಲ್ ಎಂಬ ಕಡಲ ಪ್ರಾಣಿಗೆ ಅದು ಕಾಣುವುದಿಲ್ಲ. ಅದಕ್ಕೆ ಮಾತ್ರ ಸೀಲ್ ಬೆಳಕಿಗೆ ಅಡ್ಡವಾಗಿ ಕಾಣುತ್ತದೆ. ಹಳೆಯ ಮನೆಯ ಬೆಳಕಿಂಡಿಯ ಮೇಲೆ ಬೆಕ್ಕು ಕುಳಿತರೆ ಕೆಳಗಿದ್ದವರಿಗೆ ಅದರ ಬಣ್ಣ ತಿಳಿಯುತ್ತದೆಯೇ? ಆಕಾರವಷ್ಟೇ ಕಾಣುತ್ತದೆ. ಎಳೆಯ ಬಿಳಿ ಶಾರ್ಕ್‌ನ ಕಣ್ಣಿಗೆ ಹಲಗೆಯ ಮೇಲೆ ಕೈಯಾಡಿಸುವ ಮನುಷ್ಯನಿಗೂ ಸೀಲ್‌ಗೂ ಹೆಚ್ಚು ವ್ಯತ್ಯಾಸ ತೋರುವುದಿಲ್ಲ ಎಂದು 2021ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು ಹೇಳಿದ್ದಾರೆ. ಮಬ್ಬು ಬೆಳಕು ಅದಕ್ಕೆ ಅನುಕೂಲ, ನಿಮ್ಮ ಮಗನಿಗಲ್ಲ.

ಆದ್ದರಿಂದ ಬಿಸಿಲೇರಿದ ಮೇಲೆ ಹೋಗಲಿ, ಜೊತೆಗೆ ಯಾರಾದರೂ ಇರಲಿ. ನದಿ ಬಂದು ಸೇರುವ ಜಾಗ, ಕದಡಿದ ನೀರು, ಸತ್ತ ತಿಮಿಂಗಿಲದ ಸುತ್ತಮುತ್ತ, ಹಕ್ಕಿಗಳು ದಬದಬನೆ ನೀರಿಗೆ ಎರಗುತ್ತಿರುವ ಕಡೆ ಬೇಡ. ಹಕ್ಕಿಯ ಕೆಳಗೆ ಮೀನಿನ ಹಿಂಡು, ಹಿಂಡಿನ ಹಿಂದೆ ಇನ್ನೇನೋ ಇರುತ್ತದೆ. ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರದ ಶಾರ್ಕ್‌ಸ್ಮಾರ್ಟ್ ಆ್ಯಪ್‌ನಲ್ಲಿ ಎಲ್ಲಿ ಶಾರ್ಕ್ ಕಾಣಿಸಿದೆ ಎಂಬ ಸೂಚನೆ ಬರುತ್ತದೆ. ಇಳಿಯುವ ಮೊದಲು ನೋಡಿಕೊಳ್ಳಲಿ. ವಿದ್ಯುತ್ ಹೊಮ್ಮಿಸಿ ಶಾರ್ಕ್ ಓಡಿಸುವ ಸಾಧನಗಳೂ ಇವೆ. ಅದರ ಮೂತಿಯಲ್ಲಿ ಸಣ್ಣ ವಿದ್ಯುತ್ತನ್ನೂ ಗ್ರಹಿಸುವ ರಂಧ್ರಗಳಿರುವುದರಿಂದ ಇದು ಕೆಲಸ ಮಾಡುತ್ತದೆ. 2018ರ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ, ಬಿಳಿ ಶಾರ್ಕ್‌ಗಳು ಎರೆ ಕಸಿದದ್ದು ಶೇ. 96ರಿಂದ ಶೇ. 40ಕ್ಕೆ ಇಳಿಯಿತು. ಅದೂ ಅತ್ಯುತ್ತಮ ಸಾಧನದಲ್ಲಿ. ಬೇರೆ ಕೆಲವು, ಬಳೆಯಂತೆ ಕೈಗೆ ಕಟ್ಟುವಂಥವು, ನೆಪಕ್ಕಷ್ಟೇ.

ಒಂದು ವಿಷಯ ಅವನಿಗೆ ಬಿಡದೆ ಹೇಳಿ. ಬಿಳಿ ಶಾರ್ಕ್ ಎಷ್ಟೋ ಸಲ ಒಮ್ಮೆ ಕಚ್ಚಿ ಬಿಟ್ಟು ಹೋಗುತ್ತದೆ. ಪ್ರಾಣ ಹೋಗುವುದು ರಕ್ತ ಹರಿದು. ದಡಕ್ಕೆ ತರುತ್ತಿದ್ದಂತೆ ಗಾಯವನ್ನು ಬಲವಾಗಿ ಒತ್ತಬೇಕು, ನಿಲ್ಲದಿದ್ದರೆ ಗಾಯದ ಮೇಲ್ಭಾಗದಲ್ಲಿ ಬಿಗಿಯಾಗಿ ಕಟ್ಟಬೇಕು. ಕಟ್ಟಲು ಬೇರೇನೂ ಇಲ್ಲದಿದ್ದರೆ ಹಲಗೆಯನ್ನು ಕಾಲಿಗೆ ಬಿಗಿದಿರುವ ಹಗ್ಗವಾದರೂ ಆದೀತು. ಇದನ್ನು ಜೊತೆಗಾರರೂ ಕಲಿತಿರಬೇಕು.

ಹೆದರಿಕೆ ಎಷ್ಟಿರಬೇಕು ಎಂದರೆ, 2024ರಲ್ಲಿ ಇಡೀ ಜಗತ್ತಿನಲ್ಲಿ ಕೆಣಕದೆಯೇ ಶಾರ್ಕ್ ಕಚ್ಚಿದ ಪ್ರಕರಣಗಳು 47. ಪರ್ತ್ ಕಡೆ ಸಾವುಗಳೂ ಆಗಿವೆ, ಸುಳ್ಳು ಹೇಳುವುದಿಲ್ಲ. ಆದರೆ ಕಡಲೊಳಕ್ಕೆ ಸೆಳೆಯುವ ನೀರಿನ ಸೆಳವು ಅದಕ್ಕಿಂತ ಹೆಚ್ಚು ಜನರನ್ನು ನುಂಗುತ್ತದೆ. ಬಾವಿಯಲ್ಲಿ ಸೆಳವಿಲ್ಲ. ಅದನ್ನು ಅವನು ಹೊಸದಾಗಿ ಕಲಿಯಬೇಕು.

ಪ್ರಶ್ನೆ (ಬೀದರ್): ಸರ್, ಗೆಳತಿಯರೊಂದಿಗೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಮಾಡಲು ಹೊರಟಿದ್ದೇವೆ. ಮುಟ್ಟಿನ ದಿನಗಳಲ್ಲಿ ಇಳಿದರೆ ರಕ್ತದ ವಾಸನೆಗೆ ಶಾರ್ಕ್ ಬರುತ್ತದೆ ಎಂದು ಹೆದರಿಸುತ್ತಿದ್ದಾರೆ. ನಿಜವೇ?

ಉತ್ತರ: ತಂಗೀ, ಇದಕ್ಕೆ ಯಾವ ಆಧಾರವೂ ಇಲ್ಲ, ಆರಾಮವಾಗಿ ಇಳಿಯಿರಿ. ಒಂದು ಹನಿ ರಕ್ತವನ್ನು ಮೈಲಿಗಟ್ಟಲೆ ದೂರದಿಂದ ಮೂಸುತ್ತದೆ ಎಂಬುದು ಬರೀ ಕಥೆ. ವಾಸನೆ ನೀರಿನ ಹರಿವಿನೊಂದಿಗೆ ಅದರ ಮೂಗಿಗೇ ತಲುಪಬೇಕು. ನೇತ್ರಾಣಿಯಲ್ಲಿ ಕಾಣಬಹುದಾದದ್ದು ರೆಕ್ಕೆ ತುದಿ ಕಪ್ಪಾದ ಸಣ್ಣ ಶಾರ್ಕ್. ನಿಮ್ಮನ್ನು ನೋಡಿದರೆ ಅದೇ ಓಡುತ್ತದೆ. ಅದೃಷ್ಟವಿದ್ದರೆ ತಿಮಿಂಗಿಲ ಶಾರ್ಕ್ ಕಾಣುತ್ತದೆ. ಗಾತ್ರ ಬಸ್ಸಿನಷ್ಟು, ಆಹಾರ ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳು. ಮುಟ್ಟಬೇಡಿ, ಅದು ಕಾನೂನಿನ ರಕ್ಷಣೆಯಲ್ಲಿರುವ ಜೀವಿ.

ಎಲ್ಲಾದರೂ ದೊಡ್ಡ ಶಾರ್ಕ್ ಎದುರಾದರೆ ಬೆನ್ನು ತಿರುಗಿಸಿ ಕೈಕಾಲು ಬಡಿಯಬೇಡಿ. ಓಡುವುದೆಲ್ಲ ಅದಕ್ಕೆ ಬೇಟೆಯೇ. ನೆಟ್ಟಗೆ ನಿಂತು ಅದನ್ನೇ ನೋಡುತ್ತ, ಬಂಡೆಗೆ ಬೆನ್ನು ಕೊಟ್ಟು ನಿಧಾನವಾಗಿ ಸರಿಯಿರಿ. ಪಂಜರದೊಳಗಿಂದ ನಾನು ಕಂಡದ್ದೂ ಇದೇ: ಪಂಜರದ ಬಳಿ ಬಿಳಿ ಶಾರ್ಕ್ ಸುಮ್ಮನೆ ನುಗ್ಗುತ್ತಿರಲಿಲ್ಲ, ಎರಡು ಮೂರು ಸುತ್ತು ಹಾಕಿ ಅಳೆಯುತ್ತಿತ್ತು. ಕಪ್ಪೆನಿಸುವ ಆ ಕಣ್ಣು ಹತ್ತಿರದಿಂದ ಕಡುನೀಲಿ. ಎರೆಯಾಗಿ ಕಟ್ಟಿದ ಟ್ಯೂನಾ ಮೀನಿನ ತಲೆಗೆ ಬಾಯಿ ಹಾಕುವ ಕ್ಷಣದಲ್ಲಿ ಗಾಯವಾಗದಿರಲೆಂದು ಕಣ್ಣುಗುಡ್ಡೆ ಹಿಂದಕ್ಕೆ ಹೊರಳಿ ಬಿಳಿಯಾಗುತ್ತದೆ. ಅಂಥ ಪ್ರಾಣಿಯೂ 2017ರಲ್ಲಿ ಗಾನ್ಸ್‌ಬಾಯಿ ಬಿಟ್ಟು ಓಡಿತು. ಕೊಲೆಗಾರ ತಿಮಿಂಗಿಲ ಎನ್ನುವ ಓರ್ಕಾಗಳು ಬಂದು ಅದರ ಯಕೃತ್ತನ್ನೇ ಬಗೆದು ತಿನ್ನತೊಡಗಿದ್ದವು.

ನಿಮಗೆ ನಿಜವಾದ ಅಪಾಯ ಉಸಿರು ಬಿಗಿಹಿಡಿದು ಮೇಲೇರುವುದು. ಎಂದೂ ಹಾಗೆ ಮಾಡಬೇಡಿ. ನೀರಿನಿಂದ ಬಂದ ಮೇಲೆ 18 ಗಂಟೆ ವಿಮಾನವನ್ನೂ ಹತ್ತಬೇಡಿ.

ಪ್ರಶ್ನೆ (ಯಾದಗಿರಿ): ಶಾರ್ಕ್ ನಮ್ಮ ಕೃಷ್ಣಾ ನದಿಗೆ ಬಂದೀತೇ?

ಉತ್ತರ: ಬುಲ್ ಶಾರ್ಕ್ ಸಿಹಿನೀರಿಗೂ ಏರುತ್ತದೆ, ಆದರೆ ಪ್ರಕಾಶಂ ಬ್ಯಾರೇಜು, ನಾಗಾರ್ಜುನಸಾಗರ, ಶ್ರೀಶೈಲ ದಾಟಿ ಬರಲಾರದು. ನಿಮ್ಮಲ್ಲಿ ಮೊಸಳೆ ಇದೆಯಲ್ಲ ಸರ್, ಪಂಪ್‌ಸೆಟ್ ನೋಡಲು ಒಬ್ಬರೇ ಮುಸ್ಸಂಜೆ ನೀರಿಗೆ ಇಳಿಯಬೇಡಿ.

ಕಲಬುರಗಿಯ ಅಕ್ಕಾವರಿಂದ ಮರುದಿನ: ತಮ್ಮಾ, ಹೇಳಿದೆ. ನಸುಕಿಗೆ ಹೋಗುವುದಿಲ್ಲ, ಹತ್ತು ಗಂಟೆಗೆ ಹೋಗುತ್ತೇನೆ ಎಂದ. ಹಾಗಾದರೆ ಕಾಲೇಜು ಎಷ್ಟು ಗಂಟೆಗೆ ಎಂದು ಕೇಳಿದೆ. ಫೋನ್ ಇಟ್ಟುಬಿಟ್ಟ.