ಸಹಾಯ ಬೇಕು: ಒಂದೂವರೆ ಸಾವಿರದಲ್ಲಿ ಐದು ಜನ ದುರ್ಗ ನೋಡಬೇಕು

ಎಲ್ಲರಿಗೂ ನಮಸ್ಕಾರ. ಭಾನುವಾರ ಅಮ್ಮ, ಅತ್ತಿಗೆ, ಇಬ್ಬರು ಮಕ್ಕಳ ಜೊತೆ ದಾವಣಗೆರೆಯಿಂದ ಚಿತ್ರದುರ್ಗದ ಕೋಟೆಗೆ ಹೊರಟಿದ್ದೇನೆ. ಸಾಮಾನ್ಯ ಸರ್ಕಾರಿ ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ಇದ್ದರೆ ಸಾಕು. ಕೋಟೆಯಲ್ಲೂ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ದುಡ್ಡು ಹೋಗೋದೆಲ್ಲ ಆಟೋಗೆ, ಊಟಕ್ಕೆ.

ಹೋದ ಸಲ ಬಸ್ ಸ್ಟ್ಯಾಂಡಿನಿಂದ ಕೋಟೆಗೆ ಆಟೋದವರೊಬ್ಬರು ಇನ್ನೂರು ತಗೊಂಡರು. ಜಾಸ್ತಿ ಅಲ್ವಾ? ಈಗ ಎಷ್ಟು ಕೊಡಬಹುದು? ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನ ಕಟ್ಟಿಕೊಳ್ಳುತ್ತೇವೆ. ಕೋಟೆಯಲ್ಲಿ ಕೋತಿಗಳ ಕಾಟ, ಹೋದ ಸಲ ಮಗಳ ಕೈಲಿದ್ದ ಬಾಳೆಹಣ್ಣು ಕಿತ್ತುಕೊಂಡಿತ್ತು. ಚಂದ್ರವಳ್ಳಿ ಕೆರೆ ಹತ್ತಿರ ನೆರಳಲ್ಲಿ ಕೂತು ಉಣ್ಣಬಹುದಾ?

ಅಮ್ಮನಿಗೆ ಮಂಡಿನೋವು. ಆದರೂ ಓಬವ್ವನ ಕಿಂಡಿ ನೋಡಲೇಬೇಕು ಅಂತಾರೆ. ಮೆಟ್ಟಿಲು ಕಡಿಮೆ ಇರೋ ದಾರಿ ಗೊತ್ತಿದ್ದರೆ ದಯವಿಟ್ಟು ಹೇಳಿ.