ಹೊಗೆ ಅಲಾರ್ಮಿಗೆ ತೆರಿಗೆ ರಿಯಾಯಿತಿ: ನಮ್ಮ ಮೂಲಮನೆ ಗುಂಪಿನ ಮಾತುಕತೆ

ದೊಡ್ಡಪ್ಪ: (ಫಾರ್ವರ್ಡ್) ಮನೆಗೆ ಹೊಗೆ ಅಲಾರ್ಮ್ ಹಾಕಿಸಿದವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಬೇಕೆಂದು ಸರ್ಕಾರಕ್ಕೆ ಮನವಿ. ಒಪ್ಪುವವರು ಹೆಸರು ಸೇರಿಸಿ ಮುಂದೆ ಕಳಿಸಿ.

ದೊಡ್ಡಪ್ಪ: ನಾನು ಹಾಕಿದೆ. ಎಲ್ಲರೂ ಹಾಕಿ.

ಕಾರವಾರ ಭಾವ: ನಾನು ಹಾಕೂದಿಲ್ಲ. ಮೂಲಮನೇಲಿ ಬಚ್ಚಲೊಲೆ ದಿನಾ ಉರೀತದೆ. ಅಡಿಕೆ ಬೇಯಿಸುವಾಗ ಜಗಲಿ ತನಕ ಹೊಗೆ. ಅದು ಕೂಗ್ತಾ ಇದ್ರೆ ಮೂರನೇ ದಿನಕ್ಕೆ ಬ್ಯಾಟರಿ ಕಿತ್ತಿಡ್ತಾರೆ. ಅದಕ್ಕೆ ಸರ್ಕಾರ ಯಾಕೆ ತೆರಿಗೆ ಬಿಡಬೇಕು?

ಸಣ್ಣತ್ತೆ: ಹೌದು. ಮಳೆಗಾಲ ಇಡೀ ಕಟ್ಟಿಗೆ ಒಣಗೂದೂ ಒಲೆ ಮೇಲಿನ ಅಟ್ಟದಲ್ಲೇ.

ನಾನು: ಭಾವ, ಬಚ್ಚಲಿನ ಹತ್ತಿರ ಹಾಕೂದೇ ಅಲ್ಲ ಅದನ್ನ. ಮಲಗುವ ಕೋಣೆಗೆ, ಮೇಲಿನ ಮೆತ್ತಿಗೆ ಹಾಕಬೇಕು. ಹೋದ ವರ್ಷ ಅಮ್ಮಮ್ಮನ ಕೋಣೇಲಿ ಆದದ್ದು ನೀವು ಕೇಳಿದ್ದೀರಿ, ನೋಡಿಲ್ಲ. ಸೊಳ್ಳೆಬತ್ತಿ ಹತ್ತಿಯ ಹಾಸಿಗೆ ಮೇಲೆ ಬಿದ್ದಿತ್ತು. ಉರಿ ಇಲ್ಲ, ಸದ್ದಿಲ್ಲ, ಬರೀ ಹೊಗೆ. ಆಯಿ ನೀರು ಕುಡಿಯಲಿಕ್ಕೆ ಎದ್ದದ್ದಕ್ಕೆ ಗೊತ್ತಾಯ್ತು. ಅಮ್ಮಮ್ಮನ್ನ ಅಲುಗಿಸಿದ್ರೂ ಎಚ್ಚರ ಆಗಲಿಲ್ಲ, ಎತ್ತಿ ಜಗಲಿಗೆ ತಂದದ್ದು. ಹಾಸಿಗೆ ಮೇಲೆ ಕಂಡದ್ದು ಬಟ್ಟಲಿನಷ್ಟು ಕಪ್ಪು ತೂತು. ಎರಡು ಕೊಡ ನೀರು ಹೊಯ್ದು ಅಂಗಳಕ್ಕೆ ಎಳೆದು ಹಾಕಿದ್ವಿ. ಬೆಳಿಗ್ಗೆ ಸೀಳಿದ್ರೆ ಒಳಗೆ ಇನ್ನೂ ಕೆಂಡ.

ನಾನು: ಬೆಂಕಿ ಮುಟ್ಟುವ ಮೊದಲೇ ಹೊಗೆ ಕೊಲ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲಿದ್ದವರು ಏಳೂದೇ ಇಲ್ಲ. ಸಿರಸಿಯಿಂದ ಅಗ್ನಿಶಾಮಕ ಗಾಡಿ ಬಂದರೂ ನಮ್ಮ ಕಾಲುಸಂಕದ ಆಚೆಯೇ ನಿಲ್ಲಬೇಕು. ನಮ್ಮನ್ನ ನಾವೇ ಎಬ್ಬಿಸಿಕೊಳ್ಳಬೇಕು.

ಬ್ರಿಸ್ಬೇನ್ ಅಕ್ಕ: ಇಲ್ಲಿ ಕ್ವೀನ್ಸ್‌ಲ್ಯಾಂಡಿನಲ್ಲಿ ಅದು ಕಾನೂನೇ. ಪ್ರತಿ ಮಲಗುವ ಕೋಣೆಗೂ ಬೇಕು, ಒಂದು ಕೂಗಿದ್ರೆ ಎಲ್ಲವೂ ಕೂಗಬೇಕು. ಬಾಡಿಗೆ ಮನೆಗೆ 2022ರ ಜನವರಿಯಿಂದ, ಸ್ವಂತ ಮನೆಗೆ 2027ರ ಜನವರಿಯಿಂದ. ಫೋಟೋಎಲೆಕ್ಟ್ರಿಕ್ಕೇ ಆಗಬೇಕು. ಒಳಗಿನ ಬೆಳಕನ್ನು ಹೊಗೆ ಚದುರಿಸಿದ ಕೂಡಲೇ ಕೂಗ್ತದೆ. ಹಾಸಿಗೆಯಂಥ ಹೊಗೆಯಾಡುವ ಬೆಂಕಿಗೆ ಅದೇ ಒಳ್ಳೇದು.

ದೊಡ್ಡಪ್ಪ: ಮತ್ತೆ? ಎಲ್ಲರೂ ಹೆಸರು ಹಾಕಿ ಅಂದದ್ದು ಅದಕ್ಕೇ.

ನಾನು: ಈ ಮನವಿಗೆ ನಾನೂ ಹಾಕೂದಿಲ್ಲ ದೊಡ್ಡಪ್ಪ. ಕೇಳಿದ ಜಾಗ ತಪ್ಪು. ತೋಟದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಯಲ್ಲಿ ನಮ್ಮ ಕೇರಿಯವರಿಗೆ ಎಂತ ಬಿಡ್ತಾರೆ? ಸಂಬಳದವರಲ್ಲೂ ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ವಿಮೆ, ಪಿಎಫ್ ಉಳಿತಾಯದ ವಿನಾಯಿತಿ ಕೂಡ ಸಿಗೂದಿಲ್ಲ. ಹುಲ್ಲು, ಕಟ್ಟಿಗೆ, ಮರದ ಮುಚ್ಚಿಗೆ ಇರುವ ಮನೆಯವರೆಲ್ಲ ಹೊರಗೇ ಉಳೀತಾರೆ. ಕಟ್ಟೂದು ಎಲ್ಲರೂ ಮನೆ ಕಂದಾಯ. ರಿಯಾಯಿತಿ ಅದರಲ್ಲಿ ಕೇಳಬೇಕು.

ಕಾರವಾರ ಭಾವ: ಪಂಚಾಯ್ತಿಗೆ ಬರೂದೇ ಅಷ್ಟು. ಅದನ್ನೂ ಇಳಿಸಿದ್ರೆ ಬೀದಿ ದೀಪಕ್ಕೆ ಎಲ್ಲಿಂದ ತರ್ತಾರೆ?

ನಾನು: ಆ ಖೋತಾ ರಾಜ್ಯ ಸರ್ಕಾರ ತುಂಬಿಕೊಡಲಿ, ಅದನ್ನೂ ಮನವಿಯಲ್ಲೇ ಬರೆಯೋಣ. ಪೇಟೆಯಲ್ಲಿ ಏಪ್ರಿಲ್ ಒಳಗೆ ಕಟ್ಟಿದ್ರೆ ಶೇ 5 ಬಿಡ್ತಾರೆ ಅಂತ ಜನ ಸಾಲು ನಿಲ್ಲೂದಿಲ್ವಾ? ಸಣ್ಣ ಮೊತ್ತಕ್ಕೂ ಜನ ಏಳ್ತಾರೆ.

ಕಾರವಾರ ಭಾವ: ರಸೀದಿ ತೋರಿಸಿ ರಿಯಾಯಿತಿ ತಗೊಂಡು ಡಬ್ಬಿ ಕಪಾಟಿನಲ್ಲಿ ಇಟ್ರೆ?

ನಾನು: ಆ ಮಾತು ಒಪ್ತೇನೆ. ಅಮೆರಿಕದಲ್ಲಿ ಮನೆ ಬೆಂಕಿಗೆ ಸತ್ತವರಲ್ಲಿ ಸುಮಾರು 5ಕ್ಕೆ 3 ಮಂದಿ ಅಲಾರ್ಮೇ ಇಲ್ಲದ ಅಥವಾ ಅದು ಕೆಟ್ಟು ನಿಂತ ಮನೆಯವರು. ಹಾಗಾಗಿ ರಸೀದಿ ನೋಡಿ ಕೊಡೂದು ಬೇಡ. ಬಿಲ್ ಕಲೆಕ್ಟರ್ ಕಂದಾಯಕ್ಕೆ ಮನೆಗೆ ಬಂದಾಗ ಪರೀಕ್ಷೆ ಗುಂಡಿ ಒತ್ತಿಸಿ ನೋಡಲಿ. ಕೂಗಿದ್ರೆ ಮಾತ್ರ ರಿಯಾಯಿತಿ. ಹತ್ತು ವರ್ಷಕ್ಕೆ ಡಬ್ಬಿಯೇ ಬದಲಿಸಬೇಕು, ಹಿಂದೆ ತಾರೀಕು ಇರ್ತದೆ, ಅದನ್ನೂ ನೋಡಲಿ.

ದೊಡ್ಡಪ್ಪ: ಹಾಗಾದ್ರೆ ನೀನೇ ಬರೆ ತಮಾ. ಬರುವ ಗ್ರಾಮಸಭೆಗೆ ನಾನೇ ಒಯ್ದು ಕೊಡ್ತೇನೆ.

ಕಾರವಾರ ಭಾವ: ಓದಿ ನೋಡಿ ಸಹಿ ಹಾಕ್ತೇನೆ, ಈಗಲೇ ಹೇಳೂದಿಲ್ಲ. ಅಮ್ಮಮ್ಮನ ಕೋಣೆಗೆ ಒಂದು ಈ ವಾರ ತರ್ತೇನೆ, ಅದಕ್ಕೆ ರಿಯಾಯಿತಿ ಕಾಯೂದು ಬೇಡ.

ಸಣ್ಣತ್ತೆ: ನಮ್ಮ ಮುಚ್ಚಿಗೆ ಎತ್ತರ. ಆ ಗುಂಡಿ ಒತ್ತಲಿಕ್ಕೆ ಏಣಿ ಬೇಕಾ?

ನಾನು: ಬೇಡ ಅತ್ತೆ, ಕಸಬರಿಗೆ ಹಿಡಿ ಸಾಕು. ತಿಂಗಳಿಗೊಮ್ಮೆ ಒತ್ತಿ.